ಗುಡ್ಡ ಕುಡಿದ ಮಳೆ

ಘಟ್ಟದ ಮೇಲಿನ ನಗರಗಳಲ್ಲಿ ಮಳೆ ಬಂದರೆ ಜನ ಸೂರಿನಡಿ ನಿಂತು, ಅದು ಬಿಡುವುದನ್ನು ಕಾಯುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಹಾಗೆ ಕಾದವನು ನವರಾತ್ರಿಯವರೆಗೂ ನಿಂತೇ ಇರಬೇಕಾದೀತು! ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದುಬಿಡುತ್ತದೆ. ಆದಕಾರಣ ಇಲ್ಲಿಯ ಹಿರಿಯರು ಮಳೆಯೊಡನೆ ಹೋರಾಡುವ ಗೋಜಿಗೆ ಹೋಗದೆ, ಅದಕ್ಕೊಂದು ದಾರಿ ಮಾಡಿಕೊಟ್ಟು ತಾವೂ ಬದುಕುವ ಉಪಾಯ ಕಂಡುಕೊಂಡರು.

ಮೂಡುಬಿದಿರೆಯಲ್ಲಿ 1430ರಲ್ಲಿ ಎದ್ದುನಿಂತ ಸಾವಿರ ಕಂಬದ ಬಸದಿಯನ್ನು ನೋಡಿರಿ. ಹಳೇಬೀಡಿನ ಗುಡಿಯ ಮಟ್ಟಸವಾದ ಛಾವಣಿ ಅದಕ್ಕಿಲ್ಲ. ಕಲ್ಲಿನ ಬಸದಿಯೂ ಇಲ್ಲಿ ಇಳಿಜಾರು ಮಾಡನ್ನೇ ಹೊದ್ದಿದೆ. ಸಾಮಾನ್ಯರ ಮನೆಯೂ ಅಂತೆಯೇ: ಮುರಕಲ್ಲಿನ ಗೋಡೆ, ಹಿಂದೆ ಮುಳಿಹುಲ್ಲಿನ, ಅನಂತರ ಮಂಗಳೂರು ಹೆಂಚಿನ ಕಡಿದಾದ ಮಾಡು, ಎರಚಲು ತಡೆಯಲು ತೆಂಗಿನ ಮಡಲಿನ ತಟ್ಟಿ. ಬೇಸಗೆಯಲ್ಲೇ ಕಟ್ಟಿಗೆ ಕೊಟ್ಟಿಗೆಯನ್ನೂ, ಹಲಸಿನ ಹಪ್ಪಳ ಅಟ್ಟವನ್ನೂ, ಉಪ್ಪು ಬೆರೆತ ಸೊಳೆ ಭರಣಿಯನ್ನೂ ಸೇರುತ್ತಿದ್ದವು. ಆಟಿ ತಿಂಗಳಲ್ಲಿ ಕಣಜ ಬರಿದಾದಾಗ ಮನೆಮಂದಿಯನ್ನು ಸಾಕಿದ್ದು ಈ ಸಂಗ್ರಹವೇ.

ಉಪಾಯಕ್ಕೂ ಒಂದು ಮಿತಿಯುಂಟು. ಬಂಟ್ವಾಳದ ಪೇಟೆಯನ್ನು ನೇತ್ರಾವತಿ 1923ರಲ್ಲಿ ಮುಳುಗಿಸಿದಳು. ತುಳುವರು ಆ ನೆರೆಯನ್ನು 'ಮಾರಿ ಬೊಳ್ಳ'ವೆಂದು ಕರೆದರು. 1974ರಲ್ಲಿ ಮತ್ತೆ ಬಂದಳು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಕಡೆ ಬೆಟ್ಟವೇ ಜರಿದು, ಬೆಳ್ತಂಗಡಿ ತಾಲೂಕಿನ ತೋಟಗಳ ಮೇಲೆ ಮಣ್ಣೂ ಮರದ ದಿಮ್ಮಿಗಳೂ ಬಂದು ಬಿದ್ದವು.

ವಿಚಿತ್ರವೆಂದರೆ, ಇಷ್ಟೆಲ್ಲ ನೀರು ಕಂಡ ಊರುಗಳಲ್ಲಿಯೇ ಯುಗಾದಿ ಕಳೆಯುವಷ್ಟರಲ್ಲಿ ಬಾವಿಯ ತಳ ಕಾಣುತ್ತದೆ. ಆಗ ಕೈಹಿಡಿಯುವುದು ಗುಡ್ಡ. ಬಂಟ್ವಾಳ ಸೀಮೆಯ ಮಾಣಿಲದಂಥ ಹಳ್ಳಿಗಳಲ್ಲಿಯೂ ಕಾಸರಗೋಡಿನ ಕಡೆಯೂ ಗುಡ್ಡದ ಮಗ್ಗುಲಿಗೆ ಆಳೊಬ್ಬ ನುಗ್ಗುವಷ್ಟು ಅಗಲದ ಸುರಂಗ ಕೊರೆಯುವ ವಾಡಿಕೆಯುಂಟು. ಆಟಿಯಲ್ಲಿ ಗುಡ್ಡ ಕುಡಿದ ಮಳೆ, ಬೇಸಗೆಯಲ್ಲಿ ಮುರಕಲ್ಲಿನ ಸಂದಿನಿಂದ ತೊಟ್ಟಿಕ್ಕಿ, ಏತವಾಗಲಿ ಯಂತ್ರವಾಗಲಿ ಇಲ್ಲದೆ ಅಂಗಳದ ತೊಟ್ಟಿಗೆ ತಾನಾಗಿ ಹರಿದು ಬರುತ್ತದೆ.

ಈಗ ಮನೆ ಕಟ್ಟುವವರು ಯಂತ್ರ ತರಿಸಿ ಎರಡೇ ದಿನದಲ್ಲಿ ಗುಡ್ಡವನ್ನು ನೆಟ್ಟಗೆ ಕಡಿಯುತ್ತಾರೆ. ನಿವೇಶನವೇನೋ ವಿಶಾಲವಾಗುತ್ತದೆ. ಆದರೆ ಕಾಲು ಕಳೆದುಕೊಂಡ ಗುಡ್ಡ ಮಳೆಗಾಲದಲ್ಲಿ ಹಿತ್ತಲಿಗೆ ಕುಸಿಯುತ್ತದೆ. ನೀರು ಇಂಗುವ ಮೈಯನ್ನು ಕಳೆದುಕೊಂಡಷ್ಟೂ ಬೇಸಗೆಯಲ್ಲಿ ತೊಟ್ಟಿ ಒಣಗುತ್ತದೆ. ಮಳೆಯ ನಾಡಿನಲ್ಲಿ ಮನೆಗೆ ಮಾಡು ಎಷ್ಟು ಮುಖ್ಯವೋ ಮನೆಯ ಹಿಂದಿನ ಗುಡ್ಡವೂ ಅಷ್ಟೇ ಮುಖ್ಯ. ಮಾಡು ಮಳೆಯನ್ನು ಇಳಿಸುತ್ತದೆ; ಗುಡ್ಡ ಅದನ್ನು ಉಳಿಸುತ್ತದೆ.