ಕೋವಿಗೆ ಒಂದು ಹಳೆಯ ಪಂಚೆ

ಪಂಚೆಯ ಅಂಚಿಗೆ ಕತ್ತರಿ ತಾಗಿಸಿ ಅಜ್ಜ ಎರಡೂ ಕೈಯಲ್ಲಿ ಎಳೆಯುತ್ತಾರೆ. ಪರ್ರೆಂದು ನೆಟ್ಟಗೆ ಹರಿಯುತ್ತದೆ. ಮೊಮ್ಮಗ ತಂದ ಹಳೆಯ ಅಂಗಿಯನ್ನು ಮಾತ್ರ ಅವರು ನಂಬುವುದಿಲ್ಲ. ಅದರ ಒಂದೆಳೆ ಕಿತ್ತು ಒಲೆಯ ಕೆಂಡಕ್ಕೆ ಹಿಡಿದರೆ ಸುರುಟಿ ಕರಿಮಣಿಯಾಗುತ್ತದೆ. ಪಂಚೆಯ ಎಳೆ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗಿ ಉದುರುತ್ತದೆ.

"ಪಾಲಿಯೆಸ್ಟರ್ ನಳಿಗೆ ಒಳಗೆ ಕರಗಿ ಅಂಟ್ಕೊಂಡ್ರೆ ಎಂತ ಮಾಡ್ತೀಯ ಮಾರಾಯ? ಅತ್ಲಾಗಿಡು ಅದನ್ನ."

ಕಳಸದ ಆಚೆ, ಭದ್ರಾ ಹೊಳೆಯ ಮೇಲಿನ ತೋಟದ ಮನೆ ಇದು. 2024ರ ಜೂನ್ ತಿಂಗಳು. ಲೋಕಸಭೆ ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ್ದ, ನಳಿಗೆಯ ಬಾಯಿಂದ ತುಂಬುವ ಕೇಪಿನ ಕೋವಿ, 4ನೇ ತಾರೀಕಿನ ಎಣಿಕೆ ಮುಗಿದ ಮೇಲೆ, ಮಳೆಯ ಜೊತೆಜೊತೆಗೇ ಮನೆ ಸೇರಿದೆ. ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿ. ಹೆಂಚಿನ ಮೇಲೆ ಮಳೆ ಬಡಿಯುವ ಸದ್ದಿಗೆ ಮಾತನ್ನು ಎತ್ತರಿಸಿಯೇ ಆಡಬೇಕು. ನೀವು ಜಗಲಿಯ ಮಣೆಯ ಮೇಲೆ ಕೂತಿದ್ದೀರಿ. ಕೋವಿ ಗೋಡೆಯ ಕಡೆ ಬಾಯಿ ಮಾಡಿ ಚಾಪೆಯ ಮೇಲಿದೆ.

ಕಿಡಿ ಕೊಡುವ ಕೇಪು ಇಲ್ಲವೆಂದು ನೋಡಿಕೊಂಡು ಅಜ್ಜ ಕಬ್ಬಿಣದ ಗಜವನ್ನು ನಳಿಗೆಯೊಳಗೆ ಬಿಡುತ್ತಾರೆ. ಟಣ್! ಖಾಲಿ. ಒಳಗೆ ಈಡು, ಅಂದರೆ ಮಸಿ, ಗುಂಡು, ಕೂತಿದ್ದರೆ ಸದ್ದು ಮಂಕಾಗಿರುತ್ತಿತ್ತು, ಗಜವೂ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಈ ಒಂದು ಪರೀಕ್ಷೆಯನ್ನು ಬಿಡುವವರ ಪಕ್ಕ ನಾನಂತೂ ಕೂರುವುದಿಲ್ಲ.

ಹರಿದ ಪಂಚೆಯ ಪಟ್ಟಿಯನ್ನು 3 ಅಂಗುಲದ ಚೌಕಗಳಾಗಿ ಕತ್ತರಿಸಿದ್ದಾಗಿದೆ. ಒಂದನ್ನು ಗಜದ ತುದಿಗೆ ಸುತ್ತಿ ನೀವೇ ತಳ್ಳಿ ನೋಡಿ. ದೊಡ್ಡದಾದರೆ ಮುದ್ದೆಗಟ್ಟಿ ನಡುವೆಯೇ ಕಚ್ಚಿಕೊಳ್ಳುತ್ತದೆ. ಸಣ್ಣದಾದರೆ ಗಜದಿಂದ ಜಾರಿ ತಳದಲ್ಲೇ ಉಳಿಯುತ್ತದೆ, ಆಮೇಲೆ ತಿರುಪಿನ ತುದಿ ಹಾಕಿ ಕೆದಕಿ ತೆಗೆಯಬೇಕು. ಹದವಾಗಿದ್ದರೆ ಅಂಗೈಗೆ ಒಂದೇ ಸಮನೆ ಬಿಗಿ ಸಿಗುತ್ತದೆ. ಹೊರಗೆಳೆದ ತುಂಡು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ತುಕ್ಕು!

ಅಜ್ಜ ಮಾತಾಡದೆ ಹಂಡೆಯ ಬಿಸಿನೀರು ತರಿಸುತ್ತಾರೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ, ಕೋವಿಗೆ ತುಂಬುವ ಕರಿಮಸಿ ಸುಟ್ಟ ಮೇಲೂ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಘನವಾಗಿಯೇ ಉಳಿಯುತ್ತದೆ. ಒಂದಿಷ್ಟು ಹೊಗೆಯಾಗಿ ಹೋದರೆ ಮಿಕ್ಕದ್ದು ನಳಿಗೆಗೆ ಮೆತ್ತಿಕೊಂಡು ಗಾಳಿಯ ತೇವ ಹೀರುತ್ತದೆ. ಬಯಲುಸೀಮೆಯವರು ನಾಳೆ ತೊಳೆದರಾಯಿತು ಎಂದಾರು. ಮೂಡಿಗೆರೆ, ಕಳಸದ ಮಳೆಗಾಲದಲ್ಲಿ ಒಂದು ರಾತ್ರಿ ಸಾಕು, ಕಬ್ಬಿಣ ತಿನ್ನಲು. ಆ ಉಪ್ಪಿನಂಶ ಕರಗುವುದು ನೀರಿಗೆ, ಎಣ್ಣೆಗಲ್ಲ. ನಳಿಗೆಯ ಬಾಯಿಂದ ಹೊಯ್ದ ನೀರು ಕೇಪು ಕೂರುವ ಸಣ್ಣ ತೂತಿನಿಂದ ಕಂದಾಗಿ ಚಿಮ್ಮುತ್ತದೆ. ಕೋವಿಯ ಆಯಸ್ಸಿರುವುದು ಈ ಚಿಂದಿಯಲ್ಲಿ ಎಂದು ನನಗೆ ಖಚಿತವಾಗುವುದು ಇಲ್ಲಿಯೇ.

ಈಡಿನ ಬಟ್ಟೆ ಬೇರೆ. ಚರೆ ತುಂಬುವಾಗ ತೆಂಗಿನ ನಾರು ಸಾಕು. ಒಂಟಿ ಗುಂಡಿಗೆ ಬಟ್ಟೆ ಬೇಕು. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಸಣ್ಣದು, ಆ ಸಂದನ್ನು ಬಟ್ಟೆ ತುಂಬುತ್ತದೆ. ಇದಕ್ಕೆ ಸವೆದ ಪಂಚೆ ತಡೆಯುವುದಿಲ್ಲ. ಹತ್ತಿ ಹಾಸಿಗೆ ಹೊಲಿಯುವವರ ಹತ್ತಿರ ಸಿಗುವ ಒತ್ತು ನೇಯ್ಗೆಯ ಪಟ್ಟೆ ಬಟ್ಟೆಯನ್ನು ಅಜ್ಜ ಗಂಜಿ ಹೋಗುವಂತೆ ಒಗೆಸಿಟ್ಟಿದ್ದಾರೆ. ಅಮೆರಿಕದಲ್ಲಿ ಇಂಥ ಕೋವಿಯ ಹವ್ಯಾಸಿಗಳೂ ಹಾಸಿಗೆ, ದಿಂಬಿನ ಪಟ್ಟೆ ಬಟ್ಟೆಯನ್ನೇ ಮೆಚ್ಚುತ್ತಾರೆ. ದಪ್ಪ ಹೆಚ್ಚುಕಡಿಮೆ 0.4 ಮಿಲಿಮೀಟರ್. ಬಟ್ಟೆಯನ್ನು ನಳಿಗೆಯ ಬಾಯಿಗೆ ಹಾಸಿ, ಗುಂಡನ್ನು ಹೆಬ್ಬೆರಳಿಂದ ಒತ್ತಿ, ಮೇಲುಳಿದದ್ದನ್ನು ಚೂರಿಯಿಂದ ಸವರಿದರೆ ಅಳತೆ ತಾನಾಗಿ ಬರುತ್ತದೆ.

ಸವರುವ ಜಿಡ್ಡಿಗೆ ತುಡುವೆ ಜೇನಿನ ಮೇಣ, ಉಪ್ಪಾಗೆ ತುಪ್ಪ. ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ಬಟ್ಟೆಗೆ ಉಜ್ಜುತ್ತಾರೆ. ಜಿಡ್ಡು ಯಾವುದೆಂಬುದು ಸಣ್ಣ ಮಾತಲ್ಲ: 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ್ದು ಎನ್‌ಫೀಲ್ಡ್ ಕೋವಿಯ ಕಾಗದದ ತೋಟೆಗೆ ದನದ, ಹಂದಿಯ ಕೊಬ್ಬು ಸವರಿದೆಯೆಂಬ ಸಂಶಯ. ಅದೂ ನಳಿಗೆಯ ಬಾಯಿಂದ ತುಂಬುವ ಕೋವಿಯೇ.

1972ರ ವನ್ಯಜೀವಿ ಕಾಯ್ದೆ, ಆಮೇಲೆ ಅದರ 1991ರ ತಿದ್ದುಪಡಿ ಬಂದ ಮೇಲೆ ಶಿಕಾರಿಯ ಮಾತು ಮುಗಿಯಿತು. ಈಗ ಈ ಕೋವಿ ಹಾರುವುದು ಗದ್ದೆಗಿಳಿದ ಹಂದಿಯನ್ನು ಸದ್ದಿನಿಂದ ಓಡಿಸಲು. ಬರೀ ಮಸಿ, ಮೇಲೊಂದು ಬಟ್ಟೆ. ಆ ಬಟ್ಟೆ ಕಿಡಿ ಹಿಡಿದು ಬೀಳುವುದರಿಂದ ಬೇಸಿಗೆಯಲ್ಲಿ ಕಾಫಿ ತೋಟದ ತರಗಿನ ಕಡೆ ಹಾರಿಸಲು ಅಜ್ಜ ಬಿಡುವುದಿಲ್ಲ.

ತುಂಡಿನ ಮೇಲೆ ತುಂಡು ಹೋಗಿ, ಕೊನೆಗೆ ಒಂದು ಬೆಳ್ಳಗೆ ಹೊರಬರುತ್ತದೆ. ಎಣ್ಣೆಯ ತುಂಡು ಅದರ ಹಿಂದೆ.

"ನಾಳೆ ಬೆಳಿಗ್ಗೆ ಒಣ ಬಟ್ಟೆ ಹಾಕಿ ನೋಡು. ಕೆಂಪು ಬಂದ್ರೆ ಮತ್ತೆ ಬಿಸಿನೀರು. ಮಸಿ ಹಾಕೋ ಮುಂಚೆ ಎಣ್ಣೆ ಪೂರ್ತಿ ಒರೆಸ್ಬೇಕು, ಇಲ್ದಿದ್ರೆ ಕೇಪು ಸಿಡಿದ್ರೂ ಈಡು ಹತ್ತಲ್ಲ."