ನಿಂತುಹೋದ ಚಿತ್ರ

ಪಾವಗಡದಲ್ಲಿ ನಮ್ಮದು ಹಳೆಯ ಕಲ್ಲುಮನೆ. ನಮ್ಮ ಮುತ್ತಜ್ಜನವರು ಒಂದೂವರೆ ಮೊಳ ದಪ್ಪದ ಗೋಡೆಗಳನ್ನು ಎಬ್ಬಿಸಿ, ಮೇಲೆ ಚಪ್ಪಡಿ ಹಾಸಿ, ಬೇಸಗೆಯ ಝಳವು ಒಳಗೆ ಬಾರದಂತೆ ಏರ್ಪಾಡು ಮಾಡಿದರು. ಝಳವನ್ನು ತಡೆಯುವ ಗೋಡೆಯು ಮತ್ತೇನನ್ನು ತಡೆದೀತೆಂದು ಅವರು ಯೋಚಿಸಿರಲಾರರು. ನಾವೂ ಯೋಚಿಸಲಿಲ್ಲ.

ಈ ಮನೆಯ ಒಳಕೋಣೆಯಲ್ಲಿ ನಮ್ಮ ತಾಯಿಯವರಿರುವರು. ಅವರಿಗೆ ಈಗ 84 ವರ್ಷ. ಮೊಣಕಾಲಿನ ನೋವಿನಿಂದ ಶನಿಮಹಾತ್ಮನ ಗುಡಿಗೆ ಹೋಗುವುದು ನಿಂತು ಮೂರು ವರ್ಷವಾಯಿತು. ಉಳಿದಿರುವ ಸಂಗಾತಿಯೆಂದರೆ ಮಂಚದ ಎದುರಿನ ಟಿ.ವಿ. ಒಂದೇ. ನಮ್ಮ ತಾಲ್ಲೂಕನ್ನು ಹೆಚ್ಚುಕಡಿಮೆ ಎಲ್ಲ ಕಡೆಯಿಂದಲೂ ಆಂಧ್ರವೇ ಸುತ್ತುವರಿದಿರುವುದರಿಂದ ಅವರಿಗೆ ಸಂಜೆ ಏಳಕ್ಕೆ ತೆಲುಗಿನ ಪ್ರವಚನವೂ ಬೇಕು, ಎಂಟಕ್ಕೆ ಕನ್ನಡದ ಧಾರಾವಾಹಿಯೂ ಬೇಕು. ಇವೆರಡೂ ಇಂಟರ್‌ನೆಟ್ಟಿನ ಮೂಲಕ ದೊರೆಯುವುವೆಂದು ತಿಳಿದು, ಕಳೆದ ದೀಪಾವಳಿಯಲ್ಲಿ ಟಿ.ವಿ.ಯ ಹಿಂದೆ ಚುಚ್ಚುವ ಹೆಬ್ಬೆರಳಿನಷ್ಟು ಗಾತ್ರದ ಒಂದು ಗ್ರಾಹಕವನ್ನು ಹಾಕಿಸಿದೆವು. ಪಡಸಾಲೆಯಲ್ಲಿ ಹಿಂದೆ ಎಣ್ಣೆಯ ದೀಪವಿಡುತ್ತಿದ್ದ ಗೋಡೆಯ ಗೂಡಿನಲ್ಲಿ ವೈಫೈ ಪೆಟ್ಟಿಗೆಯು ಕುಳಿತಿತು.

ಇದನ್ನೆಲ್ಲ ಜೋಡಿಸಿದವನು ನಮ್ಮ ಬೀದಿಯ ಹುಡುಗ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಕ್ಷೇತ್ರವನ್ನು ಕಟ್ಟುತ್ತಿದ್ದಾಗ ಅಲ್ಲಿ ತಂತಿ ಎಳೆಯುವ ಕೆಲಸ ಕಲಿತವನು. 2019ರಲ್ಲಿ ಅದು ಮುಗಿದ ಮೇಲೆ ಊರಿನಲ್ಲಿ ಸಣ್ಣದೊಂದು ಅಂಗಡಿ ಇಟ್ಟಿದ್ದಾನೆ. ಕೂಲಿಯಲ್ಲಿ ಐದುನೂರು ರೂಪಾಯಿಗಳನ್ನು ಆಮೇಲೆ ಕೊಡುವೆವೆಂದು ಉಳಿಸಿಕೊಂಡೆವು. ಗೃಹಸ್ಥರ ಈ ಅಭ್ಯಾಸವನ್ನು ವಾಚಕರು ಬಲ್ಲರು.

ಯುಗಾದಿಯವರೆಗೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಆಮೇಲೆ ಚಿತ್ರವು ನಡುನಡುವೆ ನಿಲ್ಲತೊಡಗಿತು. ಪ್ರವಚನಕಾರರು ಬಾಯಿ ತೆರೆದವರು ತೆರೆದಂತೆಯೇ ಇರುವರು; ಅವರ ಮುಖದ ಮೇಲೆ ಒಂದು ಚಕ್ರವು ತಿರುಗುತ್ತಿರುವುದು. ತಾಯಿಯವರು ಮೊದಮೊದಲು ಕರೆದು ತೋರಿಸುತ್ತಿದ್ದರು. ಬರಬರುತ್ತ ಕರೆಯುವುದನ್ನು ಬಿಟ್ಟು ಗೋಡೆಯ ಕಡೆಗೆ ತಿರುಗಿ ಮಲಗತೊಡಗಿದರು. ನಮಗೆ ಸಂಕಟವಾದದ್ದು ಇದನ್ನು ಕಂಡು.

1987ರಲ್ಲಿ ರಾಮಾಯಣ ಬರುತ್ತಿದ್ದ ಭಾನುವಾರಗಳಂದು ನಮ್ಮ ತಂದೆಯವರು ಮಾಳಿಗೆ ಹತ್ತಿ, ಮೀನಿನ ಮುಳ್ಳಿನಂತಿದ್ದ ಆಂಟೆನಾವನ್ನು ತಿರುಗಿಸುತ್ತ "ಬಂತಾ?" ಎಂದು ಕೂಗುತ್ತಿದ್ದುದು ನೆನಪಿದೆ. ಆಗ ದೋಷವು ಕಣ್ಣಿಗೆ ಕಾಣುತ್ತಿತ್ತು, ಅದರ ಮೇಲೆ ಕಾಗೆಯೂ ಕುಳಿತಿರುತ್ತಿತ್ತು. ಈಗ ತಿರುಗಿಸುವುದಕ್ಕೆ ಏನೂ ಇಲ್ಲ. ಆದುದರಿಂದ ಹುಡುಗನನ್ನು ಕರೆಸಿದೆವು.

ಅವನು ಮೊದಲ ಸಲ ಬಂದು, ಟಿ.ವಿ.ಯಿಂದಲೇ ಗ್ರಾಹಕಕ್ಕೆ ಹೋಗುತ್ತಿದ್ದ ವಿದ್ಯುತ್ತು ಸಾಲದೆಂದು ಅದಕ್ಕೆ ಬೇರೆ ಪ್ಲಗ್ಗನ್ನು ಕೊಟ್ಟನು. ಎರಡನೆಯ ಸಲ, ಟಿ.ವಿ.ಯ ಬೆನ್ನಿನ ಲೋಹವು ಅಲೆಗೆ ಅಡ್ಡಬರುವುದೆಂದು ಗೇಣುದ್ದದ ತಂತಿಯೊಂದನ್ನು ಸೇರಿಸಿ ಗ್ರಾಹಕವನ್ನು ಹೊರಗೆ ಇಳಿಬಿಟ್ಟನು. ಎರಡೂ ಸರಿಯಾದ ಕೆಲಸಗಳೇ. ಚಕ್ರ ಮಾತ್ರ ನಿಲ್ಲಲಿಲ್ಲ. ಮೂರನೆಯ ಸಲ ಬಂದವನು ಪಡಸಾಲೆಯಲ್ಲಿಯೇ ನಿಂತು ಏನನ್ನೋ ಹೇಳಹೊರಟನು. ನಾವು ಕೇಳಲಿಲ್ಲ. ಪಡಸಾಲೆಯಲ್ಲಿ ನಮ್ಮ ಫೋನಿಗೆ ಇಂಟರ್‌ನೆಟ್ಟು ಚೆನ್ನಾಗಿಯೇ ಬರುತ್ತಿತ್ತು, ಪೆಟ್ಟಿಗೆಯ ಹಸಿರು ದೀಪವೂ ಉರಿಯುತ್ತಿತ್ತು. ಆದಕಾರಣ ದೋಷವು ಅವನು ತಂದ ಸಾಮಾನಿನಲ್ಲಿಯೇ ಇರಬೇಕೆಂದು ನಿಶ್ಚಯಿಸಿಬಿಟ್ಟಿದ್ದೆವು. ಹಾಳು ಸಾಮಾನನ್ನು ಕಟ್ಟಿ ಮುದುಕಿಯ ಕಣ್ಣೀರು ಹಾಕಿಸಿದೆಯೆಂದೂ, ಉಳಿದ ಹಣವನ್ನು ಕೊಡುವುದಿಲ್ಲವೆಂದೂ ನಾಲ್ಕು ಜನ ಕೇಳುವಂತೆ ಅಂದೆವು. ಅವನು ಮಾತಿಗೆ ಮಾತು ಬೆಳೆಸದೆ ಹೊರಟುಹೋದನು.

ಸುಳಿವು ಸಿಕ್ಕಿದ್ದು ನಮ್ಮ ಮನೆಯವರಿಗೆ. "ನಾನು ಅತ್ತೆಗೆ ಹಾಲು ಬಿಸಿ ಮಾಡುವಾಗಲೇ ಅದು ನಿಲ್ಲುತ್ತೆ, ನೋಡಿದ್ದೀರಾ?" ಎಂದರು. ನಾವು ನಕ್ಕೆವು. ಮರುದಿನ ಏಳು ಗಂಟೆಗೆ ಮೈಕ್ರೋವೇವ್ ಒಲೆಯಲ್ಲಿ ಒಂದು ಬಟ್ಟಲು ನೀರಿಟ್ಟು ಹಾಕಿದೆವು, ಚಕ್ರವು ತಿರುಗಿತು. ಆರಿಸಿದೆವು, ಪ್ರವಚನವು ಮುಂದುವರಿಯಿತು. ಮೂರು ಸಲವೂ ಹಾಗೆಯೇ ಆಯಿತು. "ನಿಮ್ಮ ಆಟಕ್ಕೆ ಇದೇ ಹೊತ್ತು ಬೇಕಿತ್ತೇನೋ?" ಎಂದು ತಾಯಿಯವರು ಗದರಿಸಿದರು.

ಕಾರಣವನ್ನು ವಿಚಾರಿಸಿ ತಿಳಿದುಕೊಂಡೆವು. ನಮ್ಮಂಥ ಪೆಟ್ಟಿಗೆಗಳು ಎರಡು ಹಾದಿಗಳಲ್ಲಿ ಅಲೆಯನ್ನು ಕಳಿಸುವುವು: ಒಂದು 2.4 ಗಿಗಾಹರ್ಟ್ಸಿನದು, ಇನ್ನೊಂದು 5 ಗಿಗಾಹರ್ಟ್ಸಿನದು. ಎರಡನೆಯದು ವೇಗವುಳ್ಳದ್ದು, ಆದರೆ ಗೋಡೆಗಳಿಗೆ ಬೇಗ ಸೋಲುವುದು. ಮೊದಲನೆಯದು ಗೋಡೆಯನ್ನು ಅಷ್ಟಿಷ್ಟು ದಾಟಬಲ್ಲದು, ಆದರೆ ಆ ಹಾದಿಯಲ್ಲಿ ಜಂಗುಳಿ ಹೆಚ್ಚು. ಮೈಕ್ರೋವೇವ್ ಒಲೆಯು ಹಾಲನ್ನು ಕಾಯಿಸುವುದೂ 2.45 ಗಿಗಾಹರ್ಟ್ಸಿನ ಅಲೆಯಿಂದಲೇ. ಒಲೆಯಿಂದ ಸೋರುವುದು ಅತ್ಯಲ್ಪವಾದರೂ ಗ್ರಾಹಕಕ್ಕೆ ಅದು ಕಿವಿಗಡಚಿಕ್ಕುವ ಗದ್ದಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅವರ ಯಂತ್ರದ ಶಕ್ತಿ 30 ವ್ಯಾಟು, ನಮ್ಮ ಗೂಡಿನೊಳಗಣ ವಾಣಿಗಾದರೋ ಒಂದು ವ್ಯಾಟಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಆ ಪಿಸುಮಾತು ಒಲೆಯ ಗದ್ದಲದಲ್ಲಿ ಹೇಗೆ ಕೇಳೀತು!

ಕಳ್ಳನು ಸಿಕ್ಕನೆಂದು ನಾವು ಹಿಗ್ಗಿದೆವು. ಆದರೆ ಮನೆಯವರು ಮತ್ತೆ ಕೇಳಿದರು: "ಒಲೆ ದೀಪಾವಳಿಗೆ ಮುಂಚೆಯೂ ಇತ್ತಲ್ಲ? ಯುಗಾದಿಯವರೆಗೆ ಯಾಕೆ ನಿಲ್ಲಲಿಲ್ಲ?"

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಯುಗಾದಿಗೆ ಏನು ಬದಲಾಯಿತು? ಮನೆಗೆ ಸುಣ್ಣ ಹೊಡೆಸಿದೆವು. ಸುಣ್ಣ ಹೊಡೆಸುವುದಕ್ಕಾಗಿ ಸಾಮಾನುಗಳನ್ನು ಸರಿಸಿದೆವು. ಪಡಸಾಲೆಗೆ ಹೋಗಿ ನೋಡಿದರೆ, ಆಳೆತ್ತರದ ಉಕ್ಕಿನ ಬೀರು ಗೂಡಿಗೆ ಬೆನ್ನು ಕೊಟ್ಟು ನಿಂತಿದೆ! ಬದಿಯ ಸಂದಿನಿಂದ ಹಸಿರು ದೀಪವು ಮಿನುಗುತ್ತಿದ್ದುದರಿಂದ ನಮಗೆ ಸಂಶಯವೇ ಹುಟ್ಟಿರಲಿಲ್ಲ.

ಅಲೆಯ ಬಲವನ್ನು ತೋರಿಸುವ ಒಂದು ಆ್ಯಪನ್ನು ಫೋನಿಗೆ ಹಾಕಿಕೊಂಡು ಕೋಣೆಕೋಣೆಯಲ್ಲಿ ಅಳೆದೆವು. ಲೆಕ್ಕವು ಸೊನ್ನೆಗಿಂತ ಕೆಳಗಿನ ಡೆಸಿಬೆಲ್ಲುಗಳಲ್ಲಿ ಬರುವುದು. ಹತ್ತು ಇಳಿದರೆ ಬಲವು ಹತ್ತನೆಯ ಒಂದು ಪಾಲಾಯಿತೆಂದು ತಿಳಿಯಬೇಕು. ಗೂಡಿನ ಬಳಿ ಕೆಳಗಿನ 39. ತಾಯಿಯವರ ಮಂಚದ ಬಳಿ, ನಿಧಾನದ ಹಾದಿಯಲ್ಲಿಯೇ ಕೆಳಗಿನ 79. ಎಂದರೆ ಹತ್ತುಸಾವಿರದಲ್ಲಿ ಒಂದು ಪಾಲು. ವೇಗದ ಹಾದಿಯಂತೂ ಅಲ್ಲಿಗೆ ತಲುಪಿರಲೇ ಇಲ್ಲ. ಅಲ್ಲಿಗೆ ಒಗಟು ಬಿಡಿಸಿತು. ಬೀರು ಬಂದು ವೇಗದ ಹಾದಿಯನ್ನು ಮುಚ್ಚಿದ್ದರಿಂದ ಗ್ರಾಹಕವು ವಿಧಿಯಿಲ್ಲದೆ ನಿಧಾನದ ಹಾದಿಗೆ ಇಳಿದಿತ್ತು. ಅಲ್ಲಿ ಹಾಲಿನ ಒಲೆಯು ಅದನ್ನು ಅಡ್ಡಗಟ್ಟುತ್ತಿತ್ತು.

ಇಬ್ಬರು ಆಳುಗಳನ್ನು ಕರೆದು ಬೀರುವನ್ನು ಎದುರುಗೋಡೆಗೆ ಸಾಗಿಸಿದೆವು. ಹತ್ತು ಮೀಟರಿನ ತಂತಿಯೊಂದನ್ನು ಎಳೆದು ಪೆಟ್ಟಿಗೆಯನ್ನು ಗೂಡಿನಿಂದ ನಡುಮನೆಯ ಬಾಗಿಲ ಮೇಲಕ್ಕೆ ಏರಿಸಿದೆವು. ಮಂಚದ ಬಳಿ ವೇಗದ ಹಾದಿಯೇ ಕೆಳಗಿನ 58ಕ್ಕೆ ಬಂದಿತು. ಅಂದು ಏಳಕ್ಕೆ ಹಾಲೂ ಕಾಯಿತು, ಪ್ರವಚನವೂ ನಡೆಯಿತು.

ಮಾರನೆಯ ಬೆಳಿಗ್ಗೆ ಐದುನೂರು ರೂಪಾಯಿಗಳನ್ನು ಹಿಡಿದು ಹುಡುಗನ ಅಂಗಡಿಗೆ ಹೋದೆವು. ಗಿರಾಕಿಗಳು ಇಬ್ಬರಿದ್ದರು; ಅವರು ಹೋಗಲೆಂದು ಕಾಯೋಣವೆನ್ನಿಸಿತು. ಬೈದದ್ದು ನಾಲ್ಕು ಜನರೆದುರಿಗೆ ಎಂಬುದು ನೆನಪಾಗಿ, ಅವರೆದುರಿಗೇ ತಪ್ಪು ನಮ್ಮದೆಂದು ಹೇಳಿದೆವು. ಹುಡುಗನು ಹಣವನ್ನು ಎಣಿಸದೆ ಮೇಜಿನೊಳಗೆ ಹಾಕಿದನು.

"ಬೀರು ಅಡ್ಡ ಇದ್ದದ್ದು ನಾನು ನೋಡಿದ್ದೆ ಸಾರ್. ಅದನ್ನೇ ಹೇಳೋಕೆ ಬಂದೆ, ನೀವು ಬಿಡಲಿಲ್ಲ" ಎಂದನು. ಸ್ವಲ್ಪ ಹೊತ್ತು ಬಿಟ್ಟು, "ಅಜ್ಜಿಗೆ ಈಗ ನಿಲ್ಲದೆ ಬರ್ತದಾ?" ಎಂದು ಕೇಳಿದನು.

ಸಂಜೆ ಬಂದು ನೋಡೆಂದು ಕರೆದೆವು. ಅಂಗಡಿ ಬಿಟ್ಟು ಬರುವುದು ಕಷ್ಟ, ನೋಡೋಣ ಎಂದನು. ಹದಿನೈದು ದಿನವಾಯಿತು, ಇನ್ನೂ ಬಂದಿಲ್ಲ. ತಾಯಿಯವರು ಧಾರಾವಾಹಿಯ ಜಾಹೀರಾತಿನ ನಡುವೆ ಅವನನ್ನು ಕೇಳುತ್ತಿರುತ್ತಾರೆ. ನಾಳೆ ಮತ್ತೊಮ್ಮೆ ಅಂಗಡಿಯ ಕಡೆಗೆ ಹೋಗಿಬರಬೇಕೆಂದಿದ್ದೇವೆ.