ಮಾತಿದೆ, ದನಿ ಇಲ್ಲ

ಲಕ್ವ ಹೊಡೆದರೆ ಮಾತು ಹೋಗುತ್ತೆ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಮಾತು ಉಳಿದೂ ಇನ್ನೇನೋ ಹೋಗಬಹುದು ಅಂತ ಗೊತ್ತಾಗಿದ್ದು ಮಾತ್ರ ಇಲ್ಲಿ, ಈ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ, ನಮ್ಮ ಮಾವನಿಂದ.

ಮಾವ ಅಂದ್ರೆ ಅಮ್ಮನ ತಮ್ಮ. ಮೈಸೂರಿನವರು, ಈ ಊರಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಸ್ಟೇಷನ್ ಕಡೆಯಿಂದ ಚರ್ಚಿಗೆ ಹತ್ತುವ 108 ಮೆಟ್ಟಿಲುಗಳನ್ನು "ಚಾಮುಂಡಿ ಬೆಟ್ಟದ ಮರಿ" ಅಂತ ಕರೀತಿದ್ದ ತಮಾಷೆಯ ಮನುಷ್ಯ. ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಅವರಿಗೆ ಸ್ಟ್ರೋಕ್ ಆಯ್ತು, ಮಿದುಳಿನ ಬಲಭಾಗದಲ್ಲಿ. ಎಡಗೈ ಸೋತಿತು. ಆದರೆ ನರ್ಸ್‌ಗಳ ಜತೆ ಪಟಪಟ ಮಾತು. "ಸದ್ಯ, ಮಾತು ಉಳೀತಲ್ಲ" ಅಂತ ಎಲ್ಲರೂ ದೇವರಿಗೆ ಕೈ ಮುಗಿದ್ವಿ.

ಮನೆಗೆ ಬಂದ ಮೇಲೆ ಶುರುವಾಯ್ತು ನೋಡಿ...

ಅತ್ತೆ ತಟ್ಟೆ ತುಂಬ ಬಿಸಿಬೇಳೆ ಬಾತ್ ಬಡಿಸಿದರೆ ಬಲಗಡೆಯ ಅರ್ಧ ತಿಂದು "ಇಷ್ಟೇನಾ ಮಾಡಿದ್ದು?" ಅನ್ನೋರು. ತಟ್ಟೆ ತಿರುಗಿಸಿಟ್ಟರೆ ಉಳಿದದ್ದೂ ಖಾಲಿ! ಕಣ್ಣು ಚೆನ್ನಾಗೇ ಇತ್ತು. ಎಡಗಡೆ ಅನ್ನೋದೊಂದು ಇದೆ ಅನ್ನೋದನ್ನೇ ಮಿದುಳು ಗಮನಿಸುತ್ತಿರಲಿಲ್ಲ. ಇದಕ್ಕೆ ನೆಗ್ಲೆಕ್ಟ್ ಅಂತಾರೆ. ಇಂಥದ್ದರಲ್ಲೂ "ಕಾರಿನ ಕೀ ಕೊಡೇ, ನನಗೇನಾಗಿದೆ?" ಅಂತ ದಿನಾ ಜಗಳ. ಹಟ ಅಂದುಕೊಂಡಿದ್ವಿ. ತನಗೆ ಆಗಿರೋದು ತನಗೇ ತಿಳಿಯದಿರುವುದೂ ಈ ಕಾಯಿಲೆಯದೇ ಒಂದು ಭಾಗವಂತೆ. 1914ರಲ್ಲೇ ಬಾಬಿನ್ಸ್ಕಿ ಎಂಬ ಡಾಕ್ಟರು ಅದಕ್ಕೆ ಅನೊಸೊಗ್ನೋಸಿಯಾ ಅಂತ ಹೆಸರಿಟ್ಟಿದ್ದರು.

ಆಗ ನಾನು ಸಿಕ್ಕಿದ್ದೆಲ್ಲ ಓದತೊಡಗಿದೆ. 1861ರಲ್ಲಿ ಪ್ಯಾರಿಸ್‌ನ ಬ್ರೋಕಾ ಮಾತಿಗೂ ಮಿದುಳಿನ ಒಂದು ಜಾಗಕ್ಕೂ ನಂಟಿದೆ ಅಂತ ತೋರಿಸಿದ. ಅದು ಹೆಚ್ಚಿನವರಲ್ಲಿ ಎಡಭಾಗದಲ್ಲಿ ಅಂತ ಆಮೇಲೆ ಖಚಿತವಾಯ್ತು. ಅಲ್ಲಿಂದ ಎಡಭಾಗವೇ ಯಜಮಾನ, ಬಲಭಾಗ ಮನೆಯಲ್ಲಿ ಯಾರೂ ಕೇಳದ ತಮ್ಮನ ಹಾಗೆ. "ಬಲಕ್ಕೂ ಅದರದೇ ಕೆಲಸವಿದೆ" ಅಂತ 1870ರ ದಶಕದಲ್ಲೇ ವಾದಿಸಿದವನು ನಮ್ಮ ಪಕ್ಕದ ಯಾರ್ಕ್‌ಶೈರ್‌ನಲ್ಲಿ ಹುಟ್ಟಿದ ಹ್ಯೂಲಿಂಗ್ಸ್ ಜ್ಯಾಕ್ಸನ್.

1978ರಲ್ಲಿ ಬಿಸಿಯಾಕ್ ಮತ್ತು ಲುಝಾಟಿ ಎಂಬ ಇಟಲಿಯವರು ಒಂದು ಲೇಖನ ಬರೆದರು. ಮಿಲಾನಿನ ಇಂಥದೇ ಇಬ್ಬರು ರೋಗಿಗಳಿಗೆ, ಅಲ್ಲಿಯ ದೊಡ್ಡ ಚರ್ಚಿನ ಎದುರಿನ ಚೌಕದಲ್ಲಿ ನಿಂತಂತೆ ಕಲ್ಪಿಸಿಕೊಂಡು ಕಂಡದ್ದು ಹೇಳಿ ಅಂದರಂತೆ. ಬಲಗಡೆಯ ಕಟ್ಟಡಗಳೇ ಹೆಚ್ಚಾಗಿ ಬಂದವು. ಈಗ ಚರ್ಚಿನ ಬಾಗಿಲಿಂದ ಈ ಕಡೆ ನೋಡಿ ಅಂದಾಗ, ಮೊದಲು ಬಿಟ್ಟುಹೋದವು ಪ್ರತ್ಯಕ್ಷ!

ನನಗೂ ಹುಳ ಹೊಕ್ಕಿತು. "ಮಾವ, ಕೆ.ಆರ್. ಸರ್ಕಲ್‌ನಿಂದ ಸಯ್ಯಾಜಿರಾವ್ ರಸ್ತೇಲಿ ಹೊರಟಿದೀರಿ, ಏನೇನಿದೆ ಹೇಳಿ" ಅಂದೆ. ಬಲಗಡೆಯ ಅಂಗಡಿ ಸಾಲು ಒಂದೊಂದೇ ಹೇಳಿದರು. ಎಡಕ್ಕಿರೋ ದೇವರಾಜ ಮಾರ್ಕೆಟ್ಟೇ ಇಲ್ಲ! ಮಲ್ಲಿಗೆ, ವೀಳ್ಯದೆಲೆ ವಾಸನೆಯಲ್ಲಿ ಬೆಳೆದ ಮನುಷ್ಯ... "ಈಗ ಆ ಕಡೆಯಿಂದ ಸರ್ಕಲ್‌ಗೆ ವಾಪಸ್ ಬನ್ನಿ" ಅಂದೆ. ಮಾರ್ಕೆಟ್ಟು, ಗುರು ಸ್ವೀಟ್ಸು, ಹೂವಿನವರು, ಎಲ್ಲ ಬಂದರು. ನಗು ಬರಬೇಕಿತ್ತು, ಗಂಟಲು ಕಟ್ಟಿತು.

ತಟ್ಟೆಯನ್ನೇನೋ ತಿರುಗಿಸಬಹುದು. ತಿರುಗಿಸಲಾಗದ್ದು ಒಂದಿತ್ತು. ಅವರ ದನಿ ಸಪಾಟಾಗಿಬಿಟ್ಟಿತ್ತು, ರೈಲ್ವೆ ಅನೌನ್ಸ್‌ಮೆಂಟ್ ಹಾಗೆ. ನೀರು ಚೆಲ್ಲಿ ಸುಮ್ಮನೆ ಕೂತಾಗ ಅತ್ತೆ "ಆಹಾ, ಎಂಥಾ ಸಹಾಯ ಮಾಡಿದ್ರಿ!" ಅಂದರೆ, "ಇರಲಿ ಬಿಡು" ಅಂತ ಸಂತೋಷದಿಂದ ಒಪ್ಪಿಕೊಳ್ಳೋರು. ಅತ್ತೆಯ ತಾಯಿ ತೀರಿಕೊಂಡ ಸುದ್ದಿ ಮೈಸೂರಿನಿಂದ ಬಂದ ದಿನ, "ಪಾಪ, ಒಳ್ಳೇ ಹೆಂಗಸು. ಕಾಫಿ ಇದೆಯಾ?" ಅಂದರು. ಅತ್ತೆ ಅಡುಗೆಮನೆಗೆ ಹೋಗಿ ಅತ್ತಿದ್ದು ನನಗೆ ಕೇಳಿಸಿತು. ಅವರಿಗೆ ಕೇಳಿಸಲಿಲ್ಲ. "ಇವರು ನನ್ನ ಗಂಡ ಅಲ್ಲ ಕಣೋ, ಯಾರೋ ಬಂದು ಕೂತಿದಾರೆ" ಅಂದರು ಅತ್ತೆ.

ಮಾತಿನ ಥೆರಪಿಸ್ಟ್ ವಿವರಿಸಿದರು: ಮಾತಿನ ಏರಿಳಿತ, ಎದುರಿನವರ ಮುಖದಲ್ಲಿನ ದುಃಖ, ವ್ಯಂಗ್ಯ, ಸೂಚನೆ, ಇವನ್ನೆಲ್ಲ ಹಿಡಿಯುವುದರಲ್ಲಿ ಬಲಭಾಗದ ಪಾಲು ದೊಡ್ಡದು. ದನಿಯಲ್ಲಿ ಪ್ರೀತಿ ಇಲ್ಲ ಅಂದ್ರೆ ಮನಸ್ಸಿನಲ್ಲೂ ಇಲ್ಲ ಅಂತಲ್ಲ. ಅದಕ್ಕೇ ಸೂಚ್ಯವಾಗಿ ಬೇಡ, ಬಾಯಿಬಿಟ್ಟು ಹೇಳಿ.

ಹೇಳೋದು ಸುಲಭ ಸ್ವಾಮಿ! ನಮ್ಮ ಹಿರಿಯರು ಯಾವತ್ತು ಬಾಯಿಬಿಟ್ಟು ಹೇಳಿದ್ದಾರೆ? ಲೋಟ ಕುಕ್ಕುವ ಸದ್ದಿನಲ್ಲಿ ಸಿಟ್ಟು, ಇನ್ನೊಂದು ಚಮಚ ತುಪ್ಪದಲ್ಲಿ ಪ್ರೀತಿ. ನಲವತ್ತು ವರ್ಷದ ಸಂಸಾರದಲ್ಲಿ ಹೇಳದೇ ಉಳಿದದ್ದನ್ನೆಲ್ಲ ಅತ್ತೆ ಈಗ ಪದ ಹುಡುಕಿ ಹೇಳಬೇಕು.

ಮೊನ್ನೆ ಸಂಜೆ ಅತ್ತೆ ಸೆರಗಲ್ಲಿ ಕೈ ಒರೆಸಿಕೊಂಡು ಬಂದು ಮಾವನ ಬಲಕ್ಕೆ ಕೂತರು. "ರೀ, ಅಮ್ಮನ ನೆನಪಾಗಿ ಅಳು ಬರ್ತಿದೆ. ಸ್ವಲ್ಪ ನನ್ನ ಜತೆ ಇರಿ" ಅಂದರು, ಪಾಠ ಒಪ್ಪಿಸೋ ಹಾಗೆ, ನಾಚಿಕೊಂಡು.

ಮಾವ ಟೀವಿ ಆರಿಸಿದರು. "ಹೌದಾ? ಗೊತ್ತಾಗ್ಲಿಲ್ಲ ಕಣೇ" ಅಂದರು. ಅದೇ ಅನೌನ್ಸ್‌ಮೆಂಟ್ ದನಿ. ಬಲಗೈ ಮಾತ್ರ ಅತ್ತೆಯ ಕೈ ಹಿಡಿದುಕೊಂಡಿತ್ತು, ಬಹಳ ಹೊತ್ತು.